ಡಯಾಲಿಸಿಸ್‌ನಲ್ಲಿರುವವರ ದಿನದ ನೀರಿನ ಲೆಕ್ಕ

ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕೆಂಬ ಮಾತು ಕಿಡ್ನಿಯಲ್ಲಿ ಕಲ್ಲಾದವರಿಗೆ ಸರಿ. ವಾರಕ್ಕೆ ಎರಡು ಮೂರು ಸಲ ಹಿಮೋಡಯಾಲಿಸಿಸ್ (ಯಂತ್ರದಲ್ಲಿ ರಕ್ತ ಶೋಧಿಸಿ ಕಲ್ಮಷ, ಹೆಚ್ಚುವರಿ ನೀರು ತೆಗೆಯುವ ಚಿಕಿತ್ಸೆ) ಮಾಡಿಸಿಕೊಳ್ಳುವವರು ಅದನ್ನು ಪಾಲಿಸಿದರೆ ಪ್ರಾಣಕ್ಕೇ ಬರುತ್ತದೆ. ಅವರಿಗೆ ಮೂತ್ರ ಸರಿಯಾಗಿ ಹೋಗುವುದಿಲ್ಲ, ಕುಡಿದದ್ದರಲ್ಲಿ ಬಹುಪಾಲು ಮುಂದಿನ ಡಯಾಲಿಸಿಸ್‌ವರೆಗೆ ಮೈಯಲ್ಲೇ ಉಳಿಯುತ್ತದೆ. ಹಾಗಾಗಿ ನೀರನ್ನು ಅಳೆದೇ ಕುಡಿಯಬೇಕು.

ಮೊದಲು ನಿಮ್ಮ ಅಂಕಿ ಗೊತ್ತಿರಲಿ. ಡಯಾಲಿಸಿಸ್ ಇಲ್ಲದ ದಿನ ಬೆಳಿಗ್ಗೆ ಎದ್ದು ಮೊದಲ ಸಲ ಹೋದ ಮೂತ್ರವನ್ನು ಬಿಟ್ಟುಬಿಡಿ. ಅಲ್ಲಿಂದ ಮರುದಿನ ಬೆಳಿಗ್ಗೆಯ ಮೊದಲ ಮೂತ್ರದವರೆಗೆ, ಅದನ್ನೂ ಸೇರಿಸಿ, ಎಲ್ಲವನ್ನೂ ಅಳತೆ ಗುರುತಿರುವ ಡಬ್ಬದಲ್ಲಿ ಹಿಡಿಯಿರಿ. ಬಂದ ಅಳತೆಗೆ 500 ಮಿ.ಲೀ. ಕೂಡಿಸಿದರೆ ಅದೇ ನಿಮ್ಮ ದಿನದ ಮಿತಿ. 200 ಮಿ.ಲೀ. ಮೂತ್ರ ಹೋಗುವವರಿಗೆ ಒಟ್ಟು 700 ಮಿ.ಲೀ. ಆ 500 ಮಿ.ಲೀ. ಉಸಿರು, ಬೆವರು, ಮಲದಲ್ಲಿ ಕಳೆದುಹೋಗುವ ನೀರಿನ ಬಾಬತ್ತು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬೆವರು ಹೆಚ್ಚು. ಎಷ್ಟು ಸೇರಿಸಬಹುದು ಎಂದು ನಿಮ್ಮ ನೆಫ್ರಾಲಜಿಸ್ಟ್ (ಕಿಡ್ನಿ ವೈದ್ಯರು) ಹೇಳಬೇಕು. ಅವರು ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಮೂತ್ರದ ಪ್ರಮಾಣ ತಿಂಗಳುಗಳು ಕಳೆದಂತೆ ಕಡಿಮೆಯಾಗುತ್ತ ಹೋಗುವುದರಿಂದ ಆಗಾಗ ಮತ್ತೆ ಅಳೆಯಬೇಕು.

ಲೆಕ್ಕ ತಪ್ಪಿತೇ ಎಂಬುದನ್ನು ತೂಕ ಹೇಳುತ್ತದೆ. ದಿನವೂ ಬೆಳಿಗ್ಗೆ ಶೌಚ ಮುಗಿಸಿ, ತಿಂಡಿಗೆ ಮುಂಚೆ, ಒಂದೇ ರೀತಿಯ ಬಟ್ಟೆಯಲ್ಲಿ, ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ. ರಾತ್ರೋರಾತ್ರಿ ಏರಿದ ಒಂದು ಕಿಲೋ ಎಂದರೆ ಒಂದು ಲೀಟರ್ ನೀರು; ಕೊಬ್ಬು ಅಷ್ಟು ಬೇಗ ಬೆಳೆಯುವುದಿಲ್ಲ. ಎರಡು ಡಯಾಲಿಸಿಸ್‌ಗಳ ನಡುವೆ ತೂಕ ನಿಮ್ಮ ಡ್ರೈ ವೇಯ್ಟ್‌ನ (ಹೆಚ್ಚುವರಿ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ) ಶೇ. 4ನ್ನು ಮೀರಿ ಏರಬಾರದು. ಡ್ರೈ ವೇಯ್ಟ್ 50 ಕಿಲೋ ಆಗಿದ್ದರೆ 2 ಕಿಲೋ.

ಆ ಮಿತಿಗೆ ಕಾರಣ ಯಂತ್ರವಲ್ಲ, ಹೃದಯ. ಯಂತ್ರ ಎಷ್ಟು ಬೇಕಾದರೂ ಎಳೆಯುತ್ತದೆ. ಆದರೆ ಗಂಟೆಗೆ ಪ್ರತಿ ಕಿಲೋ ತೂಕಕ್ಕೆ 13 ಮಿ.ಲೀ.ಗಿಂತ ವೇಗವಾಗಿ ನೀರು ತೆಗೆದರೆ ಅಪಾಯ ಏರುತ್ತದೆ. 50 ಕಿಲೋದವರಿಗೆ ನಾಲ್ಕು ಗಂಟೆಯಲ್ಲಿ ಅದು 2,600 ಮಿ.ಲೀ. ನಾಲ್ಕು ಕಿಲೋ ಏರಿಸಿಕೊಂಡು ಹೋದರೆ, ಊತ ಹಾಗೂ ಮೈಯ ಒಳಪದರಗಳಲ್ಲಿ ನಿಂತ ನೀರು ರಕ್ತನಾಳಕ್ಕೆ ಮರಳುವ ಮೊದಲೇ ನಾಳದೊಳಗಿನದು ಖಾಲಿಯಾಗುತ್ತದೆ. ಬಿಪಿ ಇಳಿಯುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಪೆಟ್ಟು ಬೀಳುತ್ತದೆ. ವಾರಕ್ಕೆ ಎರಡೇ ಸಲ ಮಾಡಿಸಿಕೊಳ್ಳುವವರಿಗೆ ನಡುವಿನ ಅಂತರ ದೊಡ್ಡದು, ಅವರ ಕೈ ಇನ್ನೂ ಬಿಗಿ ಇರಬೇಕು. ವಾರಕ್ಕೆ ಮೂರು ಸಲದವರಿಗೂ ಭಾನುವಾರ ಸೇರುವ ದೊಡ್ಡ ಅಂತರವೇ ಕಷ್ಟದ್ದು. ಹಬ್ಬದೂಟ, ಮದುವೆಯೂಟ ಬೀಳುವುದೂ ಆ ದಿನಗಳಲ್ಲೇ.

ಇನ್ನು ಮುಖ್ಯ ವಿಷಯ. ನೀರು ಬಿಡಿ ಎಂದು ಮನೆಯವರು ದಿನಪೂರ್ತಿ ಗದರುತ್ತಾರೆ, ಆದರೆ ಸಾರಿನ ಉಪ್ಪು ಹಾಗೇ ಇರುತ್ತದೆ. ಇದು ರೋಗಿಗೆ ಮಾಡುವ ಅನ್ಯಾಯ. ಮೈಯಲ್ಲಿ ಸುಮಾರು 8 ಗ್ರಾಂ ಉಪ್ಪು ಉಳಿದರೆ ರಕ್ತದ ಉಪ್ಪಿನ ಮಟ್ಟವನ್ನು ಸರಿದೂಗಿಸಲು ಒಂದು ಲೀಟರ್ ನೀರು ಬೇಕಾಗುತ್ತದೆ. ಅಷ್ಟನ್ನು ಕುಡಿಸುವವರೆಗೆ ಮಿದುಳು ಬಾಯಾರಿಕೆಯನ್ನು ನಿಲ್ಲಿಸುವುದಿಲ್ಲ. ಎಂಥ ಗಟ್ಟಿ ಮನಸ್ಸಿನವರೂ ಇದರ ಮುಂದೆ ಸೋಲುತ್ತಾರೆ. ಮೊದಲು ಉಪ್ಪನ್ನು ಹಿಡಿತಕ್ಕೆ ತನ್ನಿ, ನೀರು ಬಹುಪಾಲು ತಾನಾಗಿ ಹಿಡಿತಕ್ಕೆ ಬರುತ್ತದೆ.

ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ಮೀರಬಾರದು. ತಲೆ ಸವರಿದ ಒಂದು ಟೀ ಚಮಚ ಅಷ್ಟಿರುತ್ತದೆ. ಬೆಳಿಗ್ಗೆ ಮುಕ್ಕಾಲು ಚಮಚವನ್ನು ಪುಟ್ಟ ಡಬ್ಬಿಗೆ ಹಾಕಿ ರೋಗಿಯ ಪಾಲೆಂದು ಎತ್ತಿಡಿ. ಉಳಿದ ಕಾಲು ಬ್ರೆಡ್ಡು, ಬಿಸ್ಕತ್ತಿನಲ್ಲಿ ಹೇಗೂ ಬರುತ್ತದೆ. ಬೇಳೆ, ತರಕಾರಿ ಬೆಂದ ಮೇಲೆ, ಉಪ್ಪು ಹಾಕುವ ಮೊದಲು ಅವರ ಪಾಲನ್ನು ತೆಗೆದಿಡಿ. ದೋಸೆ, ಇಡ್ಲಿ ಹಿಟ್ಟಿಗೂ ಹಾಗೆಯೇ. ಆಮೇಲೆ ತಟ್ಟೆಯಲ್ಲಿ ಮೇಲಿನಿಂದ ಚಿಟಿಕೆ ಉದುರಿಸಿದರೆ ನಾಲಿಗೆಗೆ ನೇರ ತಾಗುವುದರಿಂದ ಕಡಿಮೆ ಉಪ್ಪೂ ಸಾಕಾಗುತ್ತದೆ. ಇಂಗು, ಜೀರಿಗೆ, ಮೆಣಸು, ಬೆಳ್ಳುಳ್ಳಿ ಒಗ್ಗರಣೆ ಧಾರಾಳವಾಗಿರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಒಣಮೀನು ಬಿಡಲೇಬೇಕು. ಅಂಗಡಿಯ ಲೋ ಸೋಡಿಯಂ ಉಪ್ಪು ಬೇಡವೇ ಬೇಡ. ಅದರಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಭಾಗವನ್ನು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಮುನ್ಸೂಚನೆಯಿಲ್ಲದೆ ಹೃದಯ ನಿಲ್ಲಬಹುದು.

ಸಕ್ಕರೆ ಕಾಯಿಲೆಯೂ ಇರುವವರಲ್ಲಿ ಬಾಯಾರಿಕೆ ವಿಪರೀತವಾದರೆ ಉಪ್ಪಿನ ಜೊತೆಗೆ ಶುಗರ್ ಕೂಡ ನೋಡಿಸಿ.

ನೀರನ್ನು ಅಳೆಯುವ ಸುಲಭ ದಾರಿ ಬಾಟಲಿ. ಬೆಳಿಗ್ಗೆ ದಿನದ ಮಿತಿಯಷ್ಟು ನೀರು ತುಂಬಿಡಿ. ಕಾಫಿ ಕುಡಿದರೆ ಅಷ್ಟು ನೀರನ್ನು ಬಾಟಲಿಯಿಂದ ಚೆಲ್ಲಿ. ಸಾರು, ಮಜ್ಜಿಗೆ, ಹಾಲು, ಪಾಯಸ, ಐಸ್‌ಕ್ರೀಂ, ಗಂಜಿ, ಅಂಬಲಿಗೂ ಹಾಗೆಯೇ. ಮಂಜುಗಡ್ಡೆಯೂ ನೀರೇ. 700 ಮಿ.ಲೀ.ಯವರ ದಿನ ಹೀಗಿರಬಹುದು: ಎರಡು ಹೊತ್ತಿನ ಕಾಫಿ 200, ಮಧ್ಯಾಹ್ನ ರಾತ್ರಿಯ ಸಾರು 150, ಮಾತ್ರೆಗಳಿಗೆ 100, ಉಳಿದ 250 ಬಾಯಾರಿದಾಗ. ಅನ್ನವನ್ನು ಸಾರಿನಲ್ಲಿ ತೇಲಿಸುವ ಬದಲು ಗಟ್ಟಿ ಹುಳಿ, ಪಲ್ಯದ ಜೊತೆ ಕಲಸಿದರೆ, ಮುದ್ದೆಗೆ ಗೊಜ್ಜು ಮಾಡಿಕೊಂಡರೆ ಇನ್ನೂ 100 ಉಳಿಯುತ್ತದೆ. ಊಟದಲ್ಲಿನ ರಂಜಕವನ್ನು (ಫಾಸ್ಫರಸ್) ಹಿಡಿಯುವ ಮಾತ್ರೆಯನ್ನು ಹೇಗೂ ಊಟದ ನಡುವೆಯೇ ನುಂಗಬೇಕು, ತುತ್ತಿನ ಜೊತೆ ಹೋಗಲಿ.

ಲೋಟ ಎತ್ತಿ ಬಾಯಿಗೆ ಸುರಿದುಕೊಳ್ಳುವ ನಮ್ಮ ಅಭ್ಯಾಸ ಇಲ್ಲಿ ಕೆಡಿಸುತ್ತದೆ, ಎಷ್ಟು ಹೋಯಿತೆಂದೇ ತಿಳಿಯುವುದಿಲ್ಲ. ನಿಮ್ಮದೇ ಒಂದು ಪುಟ್ಟ ಲೋಟ ಇಟ್ಟುಕೊಂಡು ತುಟಿ ತಾಗಿಸಿ ಗುಟುಕು ಗುಟುಕಾಗಿ ಕುಡಿಯಿರಿ. ಬಾಯಿ ಒಣಗಿದಾಗ ಬಾಯಿ ಮುಕ್ಕಳಿಸಿ ಉಗುಳಿ, ಏಲಕ್ಕಿ ಅಥವಾ ಲವಂಗ ಬಾಯಲ್ಲಿಡಿ. ಪಾಲಿನ ನೀರನ್ನೇ ಸ್ವಲ್ಪ ಚಿಕ್ಕ ಗಡ್ಡೆಗಳಾಗಿ ಕಟ್ಟಿಸಿ ಚೀಪಿದರೆ ಹೆಚ್ಚು ಹೊತ್ತು ಬಾಯಿ ತಣ್ಣಗಿರುತ್ತದೆ.

ಎಳನೀರು ತಂದು ಕೊಡುವ ನೆಂಟರಿಗೆ ನಯವಾಗಿ ಬೇಡ ಎನ್ನಿ. ಒಂದು ಎಳನೀರಿನಲ್ಲಿ ಅರ್ಧ ಗ್ರಾಂಗಿಂತ ಹೆಚ್ಚು ಪೊಟ್ಯಾಸಿಯಂ ಇರುತ್ತದೆ. ಕರಾವಳಿಯವರಿಗೆ ಇನ್ನೊಂದು ಮಾತು: ಧಾರೆಹುಳಿಯ (ಸ್ಟಾರ್ ಫ್ರೂಟ್) ಹಣ್ಣು, ರಸ, ಚಟ್ನಿ ಯಾವುದನ್ನೂ ಮುಟ್ಟಬೇಡಿ. ಅದರೊಳಗಿನ ವಿಷವನ್ನು ಕೆಟ್ಟ ಮೂತ್ರಪಿಂಡ ಹೊರಹಾಕಲಾರದು. ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ ಬುದ್ಧಿ ಕದಡಿ, ಫಿಟ್ಸ್ ಬಂದು ಜೀವ ಹೋದದ್ದುಂಟು.

ಮಲಗಿದರೆ ಉಸಿರು ಕಟ್ಟಿ ಎದ್ದು ಕೂರಬೇಕಾಗುತ್ತಿದ್ದರೆ ಶ್ವಾಸಕೋಶಕ್ಕೆ ನೀರು ಇಳಿದಿದೆ ಎಂದರ್ಥ. ಮುಂದಿನ ಸರದಿಗೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.

ನೀರು ಕಡಿಮೆಯಾಗುವ ದಿನಗಳೂ ಇವೆ. ಭೇದಿ, ವಾಂತಿ, ಜ್ವರ ಬಂದಾಗ ತೂಕ ಡ್ರೈ ವೇಯ್ಟ್‌ಗಿಂತ ಕೆಳಗಿಳಿದು, ಎದ್ದು ನಿಂತರೆ ಕಣ್ಣು ಕತ್ತಲಿಟ್ಟರೆ ಡಯಾಲಿಸಿಸ್ ಯೂನಿಟ್‌ಗೆ ಫೋನ್ ಮಾಡಿ ಎಷ್ಟು ಕುಡಿಯಬೇಕು, ಆ ದಿನದ ಬಿಪಿ ಮಾತ್ರೆ ತೆಗೆದುಕೊಳ್ಳಬೇಕೇ ಎಂದು ಕೇಳಿ. ಓಆರ್‌ಎಸ್ ಅನ್ನು ನಿಮ್ಮಷ್ಟಕ್ಕೆ ಕಲಸಿ ಕುಡಿಯಬೇಡಿ, ಅದರಲ್ಲೂ ಪೊಟ್ಯಾಸಿಯಂ ಕ್ಲೋರೈಡ್ ಇದೆ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಎರಡು ರಕ್ತನಾಳಗಳನ್ನು ಕೂಡಿಸಿದ ಜಾಗ) ಇರುವ ಕೈಯನ್ನು ಆ ದಿನಗಳಲ್ಲಿ ಹೊತ್ತು ಹೊತ್ತಿಗೆ ಮುಟ್ಟಿ ನೋಡಿ. ಬಿಪಿ ತೀರಾ ಇಳಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. ಬೆರಳಿಗೆ ಸಿಗುತ್ತಿದ್ದ ಝುಮ್ಮೆನ್ನುವ ಮಿಡಿತ ಸಿಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಕೆಲವು ಗಂಟೆಗಳೊಳಗೆ ತಲುಪಿದರೆ ಫಿಸ್ಟುಲಾ ಉಳಿಯುವ ಸಾಧ್ಯತೆ ಇರುತ್ತದೆ.