ಸುಟ್ಟ ಎ2212 ಮೋಟರ್‌ಗೆ ಮನೆಯಲ್ಲೇ ರಿವೈಂಡಿಂಗ್: 24 ಗೇಜ್, 8 ಸುತ್ತು, ಸ್ಟಾರ್

ಎ2212 ಅಂದರೆ ಮಾದರಿ ವಿಮಾನ, ಡ್ರೋನ್‌ಗಳಲ್ಲಿ ಬಳಸುವ ಸಣ್ಣ ಬ್ರಶ್‌ಲೆಸ್ ಮೋಟರ್. ದುಡ್ಡು ಉಳಿಸಲೆಂದು ಅದನ್ನು ರಿವೈಂಡ್ ಮಾಡುವುದರಲ್ಲಿ, ಅಂದರೆ ಸುರುಳಿಗೆ ಹೊಸ ತಂತಿ ಸುತ್ತುವುದರಲ್ಲಿ, ಅರ್ಥವಿಲ್ಲ. ಕೆಲವು ನೂರು ರೂಪಾಯಿಗೆ ಹೊಸದೇ ಸಿಗುತ್ತದೆ. ಅಂಗಡಿಯಲ್ಲಿ ಸಿಗದ ಕೆವಿ (ಒಂದು ವೋಲ್ಟಿಗೆ ಎಷ್ಟು ಆರ್‌ಪಿಎಂ ಎಂಬ ಲೆಕ್ಕ) ಬೇಕಾದಾಗ, ಅಥವಾ ಸುರುಳಿ ಸುಟ್ಟರೂ ಬೇರಿಂಗ್, ಮ್ಯಾಗ್ನೆಟ್ ಗಟ್ಟಿಯಾಗಿರುವ ಮೋಟರ್ ಇದ್ದಾಗ ನಾನು ಈ ಕೆಲಸಕ್ಕೆ ಕೈ ಹಾಕುತ್ತೇನೆ. ಕೈ ಕುದುರಿಸಿಕೊಳ್ಳಲಂತೂ ಇದು ಹೇಳಿ ಮಾಡಿಸಿದ ಮೋಟರ್: 12 ಹಲ್ಲಿನ ಸ್ಟೇಟರ್ (ತಂತಿ ಸುತ್ತುವ, ತಿರುಗದ ಕಬ್ಬಿಣದ ಭಾಗ), 14 ಮ್ಯಾಗ್ನೆಟ್, ಹಲ್ಲುಗಳ ನಡುವೆ ಕಣ್ಣಿಗೆ ಕಾಣುವಷ್ಟು ದೊಡ್ಡ ಸ್ಲಾಟ್.

ತಳದಲ್ಲಿ ಶಾಫ್ಟಿಗೆ ಸಣ್ಣ ಸರ್ಕ್ಲಿಪ್ ಇರುತ್ತದೆ. ಮೋಟರನ್ನು ಪ್ಲಾಸ್ಟಿಕ್ ಚೀಲದೊಳಗೆ ಹಿಡಿದುಕೊಂಡು ಅದನ್ನು ಎಬ್ಬಿಸಿ, ಹಾರಿದರೂ ಚೀಲದಲ್ಲೇ ಬೀಳುತ್ತದೆ. ಅದರ ಪಕ್ಕದ ತೆಳು ವಾಷರ್‌ಗಳು ಯಾವ ಕ್ರಮದಲ್ಲಿದ್ದವು ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ಬೆಲ್, ಅಂದರೆ ಮ್ಯಾಗ್ನೆಟ್ ಅಂಟಿಸಿದ ತಿರುಗುವ ಹೊರಕವಚ, ಎಳೆದರೆ ಬರುತ್ತದೆ. ಒಳಗೆ ಮ್ಯಾಗ್ನೆಟ್ ಬಿರುಕು ಬಿಟ್ಟಿದ್ದರೆ, ಅಲುಗಾಡಿದರೆ ಅಲ್ಲಿಗೇ ಕೆಲಸ ನಿಲ್ಲಿಸಿ.

ಹಳೆ ತಂತಿ ಕತ್ತರಿಸುವ ಮುಂಚೆ ಎರಡು ಸಂಗತಿ ಬರೆದುಕೊಳ್ಳಬೇಕು: ಒಂದು ಹಲ್ಲಿಗೆ ಎಷ್ಟು ಸುತ್ತು, ಜೋಡಣೆ ಸ್ಟಾರೋ ಡೆಲ್ಟಾವೋ. ಮೂರು ತುದಿ ಒಂದೇ ಗಂಟಿಗೆ ಸೇರಿ ಒಳಗೇ ಉಳಿದಿದ್ದರೆ ಸ್ಟಾರ್. ಹೊರಗೆ ಬರುವ ಒಂದೊಂದು ವೈರಿಗೂ ಎರಡೆರಡು ತುದಿ ಸೇರಿದ್ದರೆ ಡೆಲ್ಟಾ. ಹೆಸರಿನಲ್ಲಿ ಬರುವ 13ಟಿ, 10ಟಿ, 6ಟಿ ಎಂಬುದು ಸುತ್ತಿನ ಲೆಕ್ಕ. ಕ್ರಮವಾಗಿ 1000, 1400, 2200 ಕೆವಿ ಎಂದು ಮಾರುತ್ತಾರೆ. ಗುಣಿಸಿ ನೋಡಿ, ಎಲ್ಲವೂ 13 ಸಾವಿರದಿಂದ 14 ಸಾವಿರದ ಒಳಗೇ ಬರುತ್ತವೆ. ಸುತ್ತು ಹೆಚ್ಚಿದಷ್ಟೂ ಕೆವಿ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಆದರೂ ಲೇಬಲ್ ನಂಬಬೇಡಿ, ಬಿಚ್ಚುವಾಗ ಎಣಿಸಿ. ಕಾರ್ಖಾನೆಯವರು ಹಲವು ತೆಳು ಎಳೆಗಳನ್ನು ಒಟ್ಟಿಗೆ ಸುತ್ತಿರುತ್ತಾರೆ. ಎಣಿಸಬೇಕಾದದ್ದು ಸುತ್ತನ್ನು, ಎಳೆಗಳನ್ನಲ್ಲ.

ಅದೇ ಸುತ್ತುಗಳಿಗೆ ಡೆಲ್ಟಾದಲ್ಲಿ ಕೆವಿ ಸ್ಟಾರ್‌ಗಿಂತ 1.73 ಪಟ್ಟು. ಅಂದರೆ 13 ಸುತ್ತಿನ ಡೆಲ್ಟಾ ಮೋಟರ್ 1000 ಕೆವಿ ಕೊಡುತ್ತಿದ್ದರೆ ಸ್ಟಾರ್‌ನಲ್ಲಿ ಅದಕ್ಕೆ ಏಳೂವರೆ ಸುತ್ತು ಸಾಕು. 8 ಹಾಕಿದರೆ ಸುಮಾರು 940, 7 ಹಾಕಿದರೆ 1070. ಕೈಯಲ್ಲಿ ಸುತ್ತುವವರಿಗೆ ನನ್ನ ಆಯ್ಕೆ ಸ್ಟಾರ್. ಸುತ್ತು ಕಡಿಮೆ, ತಂತಿ ದಪ್ಪ, ಒಂದೇ ಎಳೆ. ಎಳೆಗಳು ಒಂದರ ಮೇಲೊಂದು ಹತ್ತಿ ಜಾಗ ತಿನ್ನುವ ತಾಪತ್ರಯ ಇರುವುದಿಲ್ಲ.

ಸ್ಟೇಟರ್ ಬೋಳಿಸಲು ಒಂದು ಬದಿಯ ಸುರುಳಿ ತಲೆಗಳನ್ನೆಲ್ಲ ಸೈಡ್ ಕಟರ್‌ನಿಂದ ಕತ್ತರಿಸಿ, ಹೀಟ್ ಗನ್ ಹಿಡಿದು ವಾರ್ನಿಶ್ ಮೆತ್ತಗಾದ ಮೇಲೆ ಇನ್ನೊಂದು ಬದಿಯಿಂದ ಎಳೆಯಿರಿ. ಬೆಲ್ ದೂರವಿರಲಿ, ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಬೇರಿಂಗ್‌ಗಳನ್ನೂ ಮೊದಲೇ ತಟ್ಟಿ ತೆಗೆದಿರಿ. ಅಸಿಟೋನಿನಲ್ಲಿ ನೆನೆಹಾಕಿದರೆ ಸ್ಟೇಟರ್ ಮೇಲಿನ ಬಣ್ಣದ ಎಪಾಕ್ಸಿ ಪದರವೂ ಏಳಬಹುದು. ತಂತಿಗೂ ಕಬ್ಬಿಣಕ್ಕೂ ನಡುವೆ ಇರುವುದು ಅದೊಂದೇ.

ರಿವೈಂಡ್ ಮಾಡಿದ ಮೋಟರ್ ಕೆಡುವುದು ಬಹುಪಾಲು ಇಲ್ಲೇ. ಹಲ್ಲಿನ ಮೂಲೆಯಲ್ಲಿ ಪದರ ಸಾಸಿವೆಯಷ್ಟು ಕಿತ್ತಿದ್ದರೂ ಬಿಗಿಯಾಗಿ ಎಳೆದ ತಂತಿಯ ಎನಾಮಲ್ (ಮೇಲಿನ ನಿರೋಧಕ ಲೇಪ) ಅಲ್ಲಿ ಕುಯ್ದುಕೊಂಡು ಸ್ಟೇಟರಿಗೆ ತಗುಲುತ್ತದೆ. ಒಂದು ಕಡೆ ತಗುಲಿದರೆ ಮೋಟರ್ ಓಡುತ್ತದೆ, ಗೊತ್ತೇ ಆಗುವುದಿಲ್ಲ. ಇನ್ನೊಂದು ಫೇಸ್ (ಮೋಟರಿನ ಮೂರು ಸುರುಳಿ ಗುಂಪುಗಳಲ್ಲಿ ಒಂದೊಂದೂ ಒಂದು ಫೇಸ್) ಕೂಡ ತಗುಲಿದ ಗಳಿಗೆಯಲ್ಲಿ ಮೋಟರ್ ನಡೆಸುವ ಇಎಸ್‌ಸಿ (ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್) ಹೋಗುತ್ತದೆ. ಮೂಲೆಗಳನ್ನು ನಯವಾದ ಅರದಿಂದ ಉಜ್ಜಿ, ಕಿತ್ತ ಕಡೆಗೆ ತೆಳುವಾಗಿ ಎಪಾಕ್ಸಿ ಬಳಿದು ಒಣಗಿಸುತ್ತೇನೆ. ಟೇಪ್ ಸುತ್ತುವುದೂ ಉಂಟು, ಆದರೆ ಈ ಗಾತ್ರದಲ್ಲಿ ಸ್ಲಾಟಿನ ಜಾಗ ಅದಕ್ಕೇ ಹೋಗಿಬಿಡುತ್ತದೆ.

ತಂತಿಯನ್ನು ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿಯಲ್ಲಿ ತೂಕಕ್ಕೆ ಕೊಳ್ಳಬಹುದು. ಬೆಂಗಳೂರಿನವರಿಗೆ ಎಸ್‌ಪಿ ರಸ್ತೆ ಇದ್ದೇ ಇದೆ. 24 ಗೇಜ್ ಅಂದರೆ 0.56 ಮಿ.ಮೀ. ತಾಮ್ರ. 100 ಗ್ರಾಮಿಗೆ ಸುಮಾರು 45 ಮೀಟರ್ ಬರುತ್ತದೆ, ಒಂದು ಮೋಟರಿಗೆ ಐದು ಮೀಟರ್ ಕೂಡ ಬೇಡ. ಬೆಸುಗೆಯ ಬಿಸಿಗೇ ಎನಾಮಲ್ ಕರಗುವ ತಂತಿ ಬೇಡ, 180 ಡಿಗ್ರಿ ತಡೆಯುವುದನ್ನು ಕೇಳಿ. ತುದಿ ಕೆರೆಯುವ ಕೆಲಸ ಹೆಚ್ಚು, ಬಾಳಿಕೆಯೂ ಹೆಚ್ಚು.

ಇನ್ನು ಸುತ್ತುವ ಕ್ರಮ. 12 ಹಲ್ಲು, 14 ಮ್ಯಾಗ್ನೆಟ್‌ಗೆ ಬಳಸುವುದು ಡಿಎಲ್‌ಆರ್‌ಕೆ ಎಂಬ ಕ್ರಮ. ಲುಕಾಸ್, ರೆಟ್ಸ್‌ಬಾಕ್, ಕ್ಯೂಫುಸ್ ಎಂಬ ಜರ್ಮನ್ ಹವ್ಯಾಸಿಗಳ ಹೆಸರಿನಿಂದ ಬಂದ ಎಲ್‌ಆರ್‌ಕೆಯಲ್ಲಿ ಒಂದು ಬಿಟ್ಟು ಒಂದು ಹಲ್ಲಿಗೆ ತಂತಿ. ಡಿಎಲ್‌ಆರ್‌ಕೆಯಲ್ಲಿ ಎಲ್ಲ ಹಲ್ಲಿಗೂ. ಹಲ್ಲುಗಳಿಗೆ ಮಾರ್ಕರ್‌ನಿಂದ 1ರಿಂದ 12 ಬರೆಯಿರಿ. ಹಲ್ಲಿನ ತುದಿಯನ್ನು ಎದುರಿಗೆ ಹಿಡಿದು ನೋಡಿದಾಗ ಒಂದನೆಯದಕ್ಕೆ ಬಲಸುತ್ತು, ಎರಡನೆಯದಕ್ಕೆ ಎಡಸುತ್ತು. ಅಲ್ಲಿಂದ ಎದುರು ಬದಿಗೆ ಹಾರಿ ಏಳನೆಯದಕ್ಕೆ ಎಡ, ಎಂಟನೆಯದಕ್ಕೆ ಬಲ. ಒಂದು ಫೇಸ್ ಮುಗಿಯಿತು. ಎರಡನೇ ಫೇಸ್ 5ರಿಂದ ಶುರು: 5 ಬಲ, 6 ಎಡ, 11 ಎಡ, 12 ಬಲ. ಮೂರನೆಯದು 9ರಿಂದ: 9 ಬಲ, 10 ಎಡ, 3 ಎಡ, 4 ಬಲ. ನಾಲ್ಕು ಹಲ್ಲು ಸರಿದು ಅದೇ ಪಾಠ.

ಪ್ರತಿ ಫೇಸ್‌ಗೆ ಒಂದೂವರೆ ಮೀಟರ್ ಕತ್ತರಿಸಿಕೊಳ್ಳಿ. ಒಂದು ಸುತ್ತಿಗೆ ಮೂರೂವರೆ ಸೆಂಟಿಮೀಟರ್‌ನಂತೆ 32 ಸುತ್ತಿಗೆ 1.1 ಮೀಟರ್ ಹೋಗುತ್ತದೆ, ಉಳಿದದ್ದು ತುದಿಗಳಿಗೆ. ಮೊದಲ ಪದರವನ್ನು ಹಲ್ಲಿನ ಬುಡದಿಂದ ತುದಿಯ ಕಡೆಗೆ ಸಾಲಾಗಿ ಹಾಕಿ, ಮಿಕ್ಕ ಒಂದೆರಡು ಸುತ್ತನ್ನು ತುದಿಯ ಬದಿಯಲ್ಲೇ ಮೇಲೆ ಕೂರಿಸಿ. ಸ್ಲಾಟ್ ಅಗಲವಾಗಿರುವುದು ಅಲ್ಲೇ. ಪ್ರತಿ ತಿರುವನ್ನೂ ಚೂಪು ಮಾಡಿದ ಬಿದಿರುಕಡ್ಡಿಯಿಂದ ಒತ್ತಿ ಕೂರಿಸಬೇಕು, ಇಕ್ಕಳ ತಾಗಿಸಲೇಬಾರದು. ಸುರುಳಿಯ ತಲೆ ಕೆಳಗೆ ಉಬ್ಬಿದರೆ ಮೌಂಟಿಗೆ ತಗಲುತ್ತದೆ, ಮೇಲೆ ಉಬ್ಬಿದರೆ ಬೆಲ್ಲಿಗೆ ಉಜ್ಜುತ್ತದೆ. ಕೊನೆಯ ಫೇಸ್ ತೂರಿಸುವಾಗ ಸ್ಲಾಟಿನ ಬಾಯಿಯಲ್ಲಿ ಎನಾಮಲ್ ಕೆರೆಯುವ ಸಂಭವ ಹೆಚ್ಚು. ಅಲ್ಲಿ ಅವಸರ ಬೇಡ.

ಒಂದೊಂದು ಫೇಸ್ ಮುಗಿದಾಗಲೂ ಸ್ಟೇಟರಿನ ಕಬ್ಬಿಣಕ್ಕೆ ಸಂಪರ್ಕ ಇದೆಯೇ ಎಂದು ಮೀಟರಿನಲ್ಲಿ ನೋಡಿ, ತುದಿ ಜೋಡಿಸುವ ಮೊದಲು ಫೇಸ್ ಫೇಸ್ ನಡುವೆಯೂ ನೋಡಿ. ಮೆಗಾಓಮ್ ವ್ಯಾಪ್ತಿಯಲ್ಲೂ ಏನೂ ತೋರಿಸಬಾರದು. ಸ್ಟಾರ್‌ಗೆ 8, 12, 4ರಿಂದ ಹೊರಬಂದ ಮೂರು ತುದಿಗಳನ್ನು ಕೆರೆದು, ಹೊಸೆದು, ಬೆಸೆದು, ಸ್ಲೀವ್ ಹಾಕಿ ಸುರುಳಿಯ ಪಕ್ಕಕ್ಕೆ ಕಟ್ಟಿಬಿಡಿ. 1, 5, 9ರ ಆರಂಭದ ತುದಿಗಳು ಇಎಸ್‌ಸಿಗೆ. ಡೆಲ್ಟಾ ಬೇಕಿದ್ದರೆ ಇನ್ನೂ ಸಲೀಸು, ಪಕ್ಕಪಕ್ಕದವೇ ಸೇರುತ್ತವೆ: 8ರದು 9ಕ್ಕೆ, 12ರದು 1ಕ್ಕೆ, 4ರದು 5ಕ್ಕೆ.

ಸಾಮಾನ್ಯ ಮಲ್ಟಿಮೀಟರ್ ಇಷ್ಟು ಕಡಿಮೆ ರೋಧ ಅಳೆಯಲಾರದು. ಯಾವುದೇ ಎರಡು ವೈರಿಗೆ 1 ಆಂಪಿಯರ್ ಹರಿಸಿ ಅವುಗಳ ನಡುವೆ ಮಿಲಿವೋಲ್ಟ್ ನೋಡಿ. 24 ಗೇಜಿಗೆ ಮೀಟರಿಗೆ ಸುಮಾರು 70 ಮಿಲಿಓಮ್, ಸ್ಟಾರ್‌ನಲ್ಲಿ ಎರಡು ಫೇಸ್ ಸಾಲಾಗಿ ಬರುತ್ತವೆ, ಹಾಗಾಗಿ 160 ಮಿಲಿವೋಲ್ಟಿನ ಆಸುಪಾಸು ಬರಬೇಕು. ಅದಕ್ಕಿಂತ ಮುಖ್ಯ, ಮೂರು ಜೋಡಿಯೂ ಸಮವಿರಬೇಕು. ಎರಡು ಜೋಡಿ ಹೆಚ್ಚು ತೋರಿದರೆ ಆ ಎರಡರಲ್ಲೂ ಇರುವ ಫೇಸ್‌ನಲ್ಲಿ ಎನಾಮಲ್ ಸರಿಯಾಗಿ ಕೆರೆಯದ ಬೆಸುಗೆ.

ಬೆಲ್ ಕೂರಿಸಿ, ಮೂರು ವೈರನ್ನೂ ಬಿಡಿಯಾಗಿಟ್ಟು ಕೈಯಲ್ಲಿ ತಿರುಗಿಸಿ. ಮ್ಯಾಗ್ನೆಟ್‌ನ ಕಟ್‌ಕಟ್ ಇರಬೇಕು, ಜೇನಿನಲ್ಲಿ ತಿರುಗಿಸಿದಂತೆ ಬಿಗಿ ಇದ್ದರೆ ಒಳಗೆಲ್ಲೋ ಶಾರ್ಟ್. ಆಮೇಲೆ ಶಾಫ್ಟನ್ನು ಡ್ರಿಲ್ಲಿಗೆ ಸಿಕ್ಕಿಸಿ ಎರಡೆರಡು ವೈರಿನ ನಡುವಿನ ಎಸಿ ವೋಲ್ಟೇಜ್ ಅಳೆಯುತ್ತೇನೆ. ಮೀಟರಿನಲ್ಲಿ ಹರ್ಟ್ಸ್ ಇದ್ದರೆ ಟ್ಯಾಕೋಮೀಟರ್ ಬೇಡ: ಹರ್ಟ್ಸನ್ನು 60ರಿಂದ ಗುಣಿಸಿ 7ರಿಂದ ಭಾಗಿಸಿದರೆ ಆರ್‌ಪಿಎಂ. ಅದನ್ನು ವೋಲ್ಟೇಜಿನ 1.414 ಪಟ್ಟಿನಿಂದ ಭಾಗಿಸಿದರೆ ಕೆವಿ. 2800 ಆರ್‌ಪಿಎಂನಲ್ಲಿ 2.1 ವೋಲ್ಟ್ ಬಂದರೆ 940 ಕೆವಿ. ಮೂರು ಜೋಡಿಯ ವೋಲ್ಟೇಜ್ ಬೇರೆಬೇರೆ ಬಂದರೆ ಯಾವುದೋ ಹಲ್ಲಿಗೆ ಸುತ್ತು ಉಲ್ಟಾ ಬಿದ್ದಿದೆ ಅಥವಾ ಎಣಿಕೆ ತಪ್ಪಿದೆ. ಅಂಥದ್ದನ್ನು ಇಎಸ್‌ಸಿಗೆ ಕೊಟ್ಟರೆ ಗುರ್ ಎಂದು ನಡುಗಿ ಬಿಸಿಯಾಗುತ್ತದೆ. ಮೂರೂ ಸಮವಿದ್ದು ಕೆವಿ ಮಾತ್ರ ಲೆಕ್ಕಕ್ಕಿಂತ ಬಹಳ ಮೇಲಿದ್ದರೆ, ಸುಟ್ಟಾಗ ಮ್ಯಾಗ್ನೆಟ್ ಸೊರಗಿದೆ. ಅದಕ್ಕೆ ಯಾವ ವೈಂಡಿಂಗೂ ಮದ್ದಲ್ಲ.

ಇಷ್ಟೆಲ್ಲ ಸರಿ ಇದ್ದರೆ ಮಾತ್ರ ನಿಧಾನ ಒಣಗುವ ಎಪಾಕ್ಸಿಯನ್ನು ಸ್ವಲ್ಪ ಬೆಚ್ಚಗೆ ಮಾಡಿ ಸುರುಳಿಗಳಿಗೆ ಹರಿಸಿ, ಒಂದು ದಿನ ಬಿಡಿ. ಮೊದಲೇ ಸುರಿದರೆ ತಪ್ಪು ಬಿಚ್ಚಲು ದಾರಿಯೇ ಇರುವುದಿಲ್ಲ. ಮೊದಲ ಓಟ ಪ್ರೊಪೆಲ್ಲರ್ ಇಲ್ಲದೆ, ಬ್ಯಾಟರಿ ಸಾಲಿನಲ್ಲಿ 12 ವೋಲ್ಟಿನ 21 ವಾಟ್ ಬಲ್ಬ್ ಸೇರಿಸಿ. ಬಲ್ಬ್ ಪೂರ್ತಿ ಉರಿದರೆ ತಕ್ಷಣ ಕಿತ್ತುಬಿಡಿ. ಆಮೇಲೆ 3ಎಸ್ (ಮೂರು ಸೆಲ್‌ನ) ಬ್ಯಾಟರಿ, 10 ಇಂಚಿನ 10×4.5 ಪ್ರೊಪೆಲ್ಲರ್ ಹಾಕಿ ಮೋಟರನ್ನು ಭದ್ರವಾಗಿ ಬಿಗಿದು ಅರ್ಧ ಥ್ರಾಟಲ್‌ನಲ್ಲಿ ಒಂದು ನಿಮಿಷ ಓಡಿಸಿ, ಪೂರ್ತಿ ನಿಂತ ಮೇಲೆ ಸ್ಟೇಟರ್ ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಬಿಸಿ ಇದ್ದರೆ 9 ಇಂಚಿನದಕ್ಕೆ ಇಳಿಯಿರಿ.