ರೇಡಿಯೋ ಶೆಡ್ಡಿನಿಂದ ಆನೆ ಬೇಲಿಗೆ

"ರೇಡಿಯೋದವನು ಆನೆ ತಡೀತಾನಂತೆ" ಅಂತ ಕೊಡಗಿನ ಗೋಣಿಕೊಪ್ಪ ಸಂತೆಯಲ್ಲಿ ನಕ್ಕವರ ತೋಟಗಳಲ್ಲೇ ಈಗ ನನ್ನ ಎನರ್ಜೈಸರ್, ಅಂದರೆ ಬೇಲಿಯ ತಂತಿಗೆ ಕರೆಂಟಿನ ಪೆಟ್ಟು ಕೊಡುವ ಪೆಟ್ಟಿಗೆ, ಓಡುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎರಡು ಬ್ಯಾಂಡಿನ ಟ್ರಾನ್ಸಿಸ್ಟರ್ ಸೆಟ್ಟು ನಮ್ಮ ಶೆಡ್ಡಿನಿಂದ ತಿಂಗಳಿಗೆ 100ರ ಹತ್ತಿರ ಹೋಗುತ್ತಿತ್ತು. ಟಿವಿ ಬಂತು, 15ಕ್ಕೆ ಇಳಿಯಿತು. 1993ರಲ್ಲಿ ಮಡಿಕೇರಿ ಆಕಾಶವಾಣಿ ಶುರುವಾದಾಗ ಆಸೆ ಹುಟ್ಟಿತು. ಆದರೆ ಅದು ಎಫ್‌ಎಂ, 103.1, ನಮ್ಮ ಸೆಟ್ಟು ಮೀಡಿಯಂ ವೇವಿನದು, ಎಫ್‌ಎಂ ಹಿಡಿಯದು. ಎಫ್‌ಎಂ ಬೋರ್ಡು ತರಿಸಿ ಕೂರಿಸಿದರೆ ಸೆಟ್ಟಿಗೆ 30 ರೂಪಾಯಿಯೂ ಗಿಟ್ಟಲಿಲ್ಲ. ಸ್ಟೆಬಿಲೈಸರ್ ಒಂದಷ್ಟು ವರ್ಷ ಅನ್ನ ಹಾಕಿತು. ಕೊನೆಗೆ ಉಳಿದದ್ದು ಕಾಯಿಲ್ ಸುತ್ತುವ ಮೆಷಿನ್ನು, ಕೈ ಪಳಗಿದ ಇಬ್ಬರು ಹೆಣ್ಣುಮಕ್ಕಳು. ಬೇಲಿಗೆ ಹೈ ವೋಲ್ಟಿನ ಪೆಟ್ಟು ಹುಟ್ಟಿಸುವ ಪಲ್ಸ್ ಟ್ರಾನ್ಸ್‌ಫಾರ್ಮರಿಗೆ ಬೇಕಾದದ್ದೂ ಅಷ್ಟೇ.

ಮೊದಲು ಮಾಡಿದ್ದು 12 ಎನರ್ಜೈಸರ್. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಮುಗಿಯುವಷ್ಟರಲ್ಲಿ 9 ವಾಪಸ್. ಸೆಕೆಂಡರಿಗೆ, ಅಂದರೆ ಟ್ರಾನ್ಸ್‌ಫಾರ್ಮರಿನ ಹೈ ವೋಲ್ಟ್ ಸುರುಳಿಗೆ, ತೇವ ಹೊಕ್ಕು ಒಳಗೇ ಕಿಡಿ ಹಾರುತ್ತಿತ್ತು. ಮನೆಯವಳ ಒಡವೆ ಅಡವಿಟ್ಟು ತಂದ 60 ಸಾವಿರ ಆ ಮಳೆಯಲ್ಲೇ ಹೋಯಿತು. "ಸಾಕು ನಿಲ್ಸಣ್ಣ" ಅಂದ ತಮ್ಮ. ನಿಲ್ಲಿಸಲಿಲ್ಲ. ಪದರಪದರಕ್ಕೂ ಕಾಗದ ಕೊಟ್ಟು, ಬಿಸಿಲಲ್ಲಿ ಒಣಗಿಸಿ, ಬಿಸಿ ಮೇಣದಲ್ಲಿ ಮುಳುಗಿಸಿದೆ. ಮೇಣಕ್ಕೆ ಏನು ಬೆರೆಸುತ್ತೇನೆ ಅನ್ನುವುದು ಬೇಡ.

ಆಮೇಲೆ ಇನ್ನೊಂದು ತಕರಾರು. ಎನರ್ಜೈಸರ್ ಪೆಟ್ಟಿಗೆಯ ಹತ್ತಿರ 8,000 ವೋಲ್ಟ್, ಬೇಲಿಯ ತುದಿಯಲ್ಲಿ 2,000. ದೂರು ಮಾತ್ರ ಪೆಟ್ಟಿಗೆಯ ಮೇಲೆ. ತಿತಿಮತಿ ಕಡೆ ಒಂದು ತೋಟದಲ್ಲಿ ರಾತ್ರಿ ಕಾಯುವಾಗ, ಕೂಲಿಯವರ ಲೈನ್ ಮನೆಯ ಹಳೇ ರೇಡಿಯೋ ಸೆಟ್ಟಿನಲ್ಲಿ ಸೆಕೆಂಡಿಗೊಂದು ಟಿಕ್ ಕೇಳಿಸಿತು. ನಮ್ಮದೇ ಬೇಲಿಯ ಪೆಟ್ಟು! ಸ್ಟೇಷನ್ ಇಲ್ಲದ ಜಾಗಕ್ಕೆ ಡಯಲಿನ ಮುಳ್ಳು ತಿರುಗಿಸಿ, ಸೆಟ್ಟು ಹಿಡಿದು ತಂತಿಯ ಗುಂಟ ನಡೆದೆ. ಸದ್ದು ಜೋರಾದಲ್ಲಿ ನೋಡಿದರೆ ಇನ್ಸುಲೇಟರ್ ಸೀಳಿ ಕಂಬಕ್ಕೆ ಕಿಡಿ. ಸೆಟ್ಟು ತಿರುಗಿಸುತ್ತ ಹೋದರೆ ಒಳಗಿನ ಆಂಟೆನಾ ಆದ ಫೆರೈಟ್ ಕಡ್ಡಿಯ ತುದಿ ಕಿಡಿಯ ಕಡೆಗಾದಾಗ ಸದ್ದು ಅಡಗುತ್ತದೆ, ದಿಕ್ಕು ಸಿಕ್ಕಿತು. ಎಜಿಸಿ, ಅಂದರೆ ಸಿಗ್ನಲ್ ಹೆಚ್ಚುಕಮ್ಮಿಯಾದರೂ ಸದ್ದನ್ನು ಒಂದೇ ಮಟ್ಟದಲ್ಲಿಡುವ ಸರ್ಕ್ಯೂಟು, ಹಾಗೇ ಬಿಟ್ಟರೆ ಹತ್ತಿರ ದೂರ ಎಲ್ಲ ಒಂದೇ ಥರ ಕೇಳುತ್ತದೆ. ಅದಕ್ಕೆ ನಾನು ಮಾಡಿದ ಉಪಾಯ ಶೆಡ್ಡಿನೊಳಗೇ ಇರಲಿ. ಹಸಿ ಬಳ್ಳಿ ತಾಗಿ ಕಿಡಿಯಿಲ್ಲದೆ ಸೋರಿದರೆ ಮಾತ್ರ ಸದ್ದಿಲ್ಲ. ಅದಕ್ಕೆ ಕತ್ತಿಯೇ ಗತಿ.

ನಡುವೆ ಕಂಬಕ್ಕೂ ತಂತಿ ಸುತ್ತಿ ನೋಡಿದ್ದೆ. ಸಲಗಕ್ಕೆ ದಂತವಿದೆ, ದಂತಕ್ಕೆ ಶಾಕ್ ತಾಗದು. ಕಂಬ ಮುರಿದೇ ದಾಟಿತು. ಮೇಲಿಂದ ತಂತಿ ಇಳಿಬಿಟ್ಟ ಮೇಲೆ ಆ ಜಾಗಕ್ಕೆ ಬಂದಿಲ್ಲ. ಮಾರ್ಚಿಯಲ್ಲಿ ಮಣ್ಣು ಒಣಗಿ ಅರ್ತ್ ಸತ್ತಾಗ ನೆಲಕ್ಕೆ ಹೊಡೆದ ಅರ್ತ್ ರಾಡು 3 ಇದ್ದದ್ದನ್ನು 6 ಮಾಡಿದೆ, ಇದ್ದಲು ಉಪ್ಪು ತುಂಬಿದೆ.

ಕಳೆದ ವರ್ಷ 40 ಚಿಲ್ಲರೆ ಎನರ್ಜೈಸರ್ ಹೋದವು. ಪ್ರತಿಯೊಂದರ ಜೊತೆ, ಕಿಡಿ ಹುಡುಕಲು, ನಮ್ಮ ಶೆಡ್ಡಿನದೇ ಒಂದು ಮೀಡಿಯಂ ವೇವ್ ಸೆಟ್ಟು.