ಕಿಟಕಿ ಮುಚ್ಚಿದರೂ ಸದ್ದು ಬರ್ತಿದೆಯಾ? ಮೊದಲು ಸಂದು ಹುಡುಕಿ

ಕಿಟಕಿ ಹಾಕಿ, ಚಿಲಕ ಬಿಗಿದು ಮಲಗಿದರೂ ಹಾರ್ನ್ ಸದ್ದು ದಿಂಬಿನ ಪಕ್ಕದಲ್ಲೇ ಕೇಳುತ್ತದೆ. ಇಂಥ ಮನೆಯಲ್ಲಿ ಹೆಚ್ಚಿನವರು ಮೊದಲು ತರುವುದು ದಪ್ಪ ಕರ್ಟನ್. ಅದರಿಂದ ಏನೂ ಆಗಲಿಲ್ಲ ಅಂದಾಗ ಡಬಲ್ ಗಾಜಿನ ಕಿಟಕಿಯ ದರ ವಿಚಾರಿಸುತ್ತಾರೆ. ಕಡಿಮೆ ಖರ್ಚಿನಲ್ಲಿ ಜಾಸ್ತಿ ಫಲ ಕೊಡುವ ಕೆಲಸ ಇವೆರಡರ ನಡುವೆ ಹಾಗೇ ಉಳಿದುಬಿಡುತ್ತದೆ. ಅದು ಸಂದು ಮುಚ್ಚುವ ಕೆಲಸ.

ಸದ್ದು ಗೋಡೆಯಿಂದ ಬರದೆ ಕಿಟಕಿಯಿಂದಲೇ ಯಾಕೆ ಬರುತ್ತದೆ? ತೂಕದ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. 4 ಮಿ.ಮೀ. ದಪ್ಪದ ಗಾಜು ಒಂದು ಚದರ ಮೀಟರಿಗೆ 10 ಕೆ.ಜಿ. ತೂಗುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಅಷ್ಟೇ ಜಾಗಕ್ಕೆ 400 ಕೆ.ಜಿ. ಆಸುಪಾಸು ತೂಗುತ್ತದೆ. ಸದ್ದು ಅಂದರೆ ಗಾಳಿಯ ಅದಿರಾಟ. ಹಗುರವಾದದ್ದನ್ನು ಅದು ಸುಲಭವಾಗಿ ಅಲುಗಿಸುತ್ತದೆ, ಭಾರವಾದದ್ದರ ಹತ್ತಿರ ಅದರ ಆಟ ನಡೆಯುವುದಿಲ್ಲ. ಇನ್ನು ಸಂದು ಇದ್ದರಂತೂ ಅಲುಗಿಸುವ ಗೋಜೂ ಇಲ್ಲ. ಗಾಳಿ ನುಗ್ಗುವ ಕಡೆ ಸದ್ದೂ ನೇರ ಒಳಗೆ.

ಲೆಕ್ಕದಲ್ಲೇ ಹೇಳುವುದಾದರೆ, ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಕಿಟಕಿಯ ಸುತ್ತ ಬರೀ 1 ಮಿ.ಮೀ. ಸಂದು ಇದೆ ಎಂದುಕೊಳ್ಳಿ. ಎಲ್ಲ ಸೇರಿಸಿದರೆ 40 ಚದರ ಸೆಂ.ಮೀ. ಆಯಿತು. ಕಿಟಕಿಗೆ ಆರು ಸೆಂ.ಮೀ.ಗಿಂತ ಸ್ವಲ್ಪ ದೊಡ್ಡ ಚೌಕದ ತೂತು ಕೊರೆದ ಹಾಗೆ. ಗಾಜು 30 ಡೆಸಿಬೆಲ್ ತಡೆಯುವಂಥದ್ದಾದರೂ ಈ ಸಂದಿನಿಂದಾಗಿ ಇಡೀ ಕಿಟಕಿ ತಡೆಯುವುದು 23ರಷ್ಟು ಮಾತ್ರ. ಗಾಜು ಬದಲಿಸಿ 40 ಡೆಸಿಬೆಲ್ ತಡೆಯುವಂಥದ್ದು ಹಾಕಿದಿರಿ ಅನ್ನಿ. ಆಗಲೂ 24 ದಾಟುವುದಿಲ್ಲ! ಸಂದು ಬಿಟ್ಟು ಗಾಜಿಗೆ ದುಡ್ಡು ಸುರಿಯುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಡೆಸಿಬೆಲ್ ಬಗ್ಗೆಯೂ ಒಂದು ಮಾತು. ಇದು ಕೂಡಿ ಕಳೆಯುವ ಸಾಮಾನ್ಯ ಅಳತೆಯಲ್ಲ. 3 ಡೆಸಿಬೆಲ್ ಕಡಿಮೆಯಾದರೆ ಕಿವಿಗೆ ಹೌದೋ ಅಲ್ಲವೋ ಅನ್ನುವಷ್ಟು ವ್ಯತ್ಯಾಸ. 10 ಕಡಿಮೆಯಾದರೆ ಸದ್ದು ಅರ್ಧಕ್ಕೆ ಇಳಿದಂತೆ ಅನ್ನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ರಾತ್ರಿ ಮಲಗುವ ಕೋಣೆಯೊಳಗೆ ಸರಾಸರಿ 30 ಡೆಸಿಬೆಲ್ ಮೀರಬಾರದು, ಬಿಡಿ ಬಿಡಿಯಾಗಿ ಬರುವ ಸದ್ದು 45 ದಾಟಬಾರದು. ಪೂರ್ತಿ ಅಲ್ಲಿಗೆ ಮುಟ್ಟಲಾಗದಿದ್ದರೂ ಹತ್ತು ಡೆಸಿಬೆಲ್ ಇಳಿಸುವುದು ಹೆಚ್ಚಿನ ಮನೆಗಳಲ್ಲಿ ಆಗದ ಮಾತೇನಲ್ಲ.

ಹೆಜ್ಜೆ 1: ಎಲ್ಲಿಂದ ಬರ್ತಿದೆ, ಕಿವಿ ಇಟ್ಟು ನೋಡಿ

ಹೊರಗೆ ಗಲಾಟೆ ಜೋರಾಗಿರುವ ಹೊತ್ತು ನೋಡಿಕೊಳ್ಳಿ. ಫ್ಯಾನ್, ಟಿವಿ ಎಲ್ಲ ಆಫ್ ಮಾಡಿ. ಒಂದು ರಟ್ಟಿನ ಕೊಳವೆ ತಗೊಳ್ಳಿ, ಇಲ್ಲವೇ ಹಳೇ ಪತ್ರಿಕೆಯನ್ನು ಸುರುಳಿ ಸುತ್ತಿಕೊಳ್ಳಿ. ಒಂದು ತುದಿಯನ್ನು ಕಿವಿಗೆ ಒತ್ತಿ, ಇನ್ನೊಂದು ಕಿವಿ ಮುಚ್ಚಿಕೊಂಡು, ಕೊಳವೆಯ ಬಾಯಿಯನ್ನು ಕಿಟಕಿಯ ಅಂಚಿನ ಗುಂಟ ನಿಧಾನ ಸರಿಸುತ್ತಾ ಹೋಗಿ. ಗಾಜಿನ ಮೇಲೆ ಇದ್ದಾಗ ಸದ್ದು ಮಂದವಾಗಿ, ಕಂಬಳಿಯೊಳಗಿಂದ ಬಂದಂತೆ ಇರುತ್ತದೆ. ಸಂದು ಬಂದ ಕೂಡಲೇ ಚುರುಕಾಗುತ್ತದೆ. ಟೈರಿನ 'ಸ್ಸ್' ಸದ್ದು, ಜನರ ಮಾತಿನ ತುಣುಕು ಬಿಡಿಸಿ ಕೇಳುತ್ತವೆ. ಅಲ್ಲೊಂದು ತುಂಡು ಟೇಪ್ ಅಂಟಿಸಿ ಗುರುತು ಮಾಡಿ. ಸ್ಲೈಡಿಂಗ್ ಕಿಟಕಿಯಲ್ಲಾದರೆ ಎರಡು ಕದಗಳು ಒಂದರ ಮೇಲೊಂದು ಬರುವ ನಡುವಿನ ಪಟ್ಟಿಯ ಕೆಳಮೂಲೆಯನ್ನು ತಪ್ಪದೆ ನೋಡಿ. ಬಹಳಷ್ಟು ಸಲ ಕಳ್ಳ ಅಲ್ಲೇ ಇರುತ್ತಾನೆ.

ಬಾಗಿಲಿನಂತೆ ತೆರೆಯುವ ಕಿಟಕಿಗೆ ಕಾಗದದ ಪರೀಕ್ಷೆ ಇನ್ನೂ ಸುಲಭ. ಕದ ಮತ್ತು ಚೌಕಟ್ಟಿನ ನಡುವೆ ಕಾಗದದ ಪಟ್ಟಿ ಇಟ್ಟು ಚಿಲಕ ಹಾಕಿ. ಎಳೆದಾಗ ಬಿಗಿಯಾಗಿ ಹಿಡಿದರೆ ಸರಿ. ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ರಬ್ಬರ್ ಒತ್ತುತ್ತಿಲ್ಲ. ನಾಲ್ಕೂ ಕಡೆ ಗೇಣಿಗೊಂದರಂತೆ ನೋಡುತ್ತಾ ಹೋಗಿ.

ಹಾಗೇ ಯಾವ ಥರದ ಸದ್ದು ಕಾಡುತ್ತಿದೆ ಅನ್ನುವುದನ್ನೂ ಗಮನಿಸಿ. ಹಾರ್ನ್, ಮಾತು, ನಾಯಿ ಬೊಗಳುವುದು, ಇವು ಹೆಚ್ಚಾಗಿ ಸಂದಿನ ಗಿರಾಕಿಗಳು. ನಿಂತಲ್ಲೇ ನಿಂತ ಬಸ್ಸಿನ ಗುಡುಗುಡು, ಸ್ಪೀಕರಿನ ದಂ ದಂ ಆದರೆ ಗಾಜನ್ನೇ ಅಲುಗಿಸಿಕೊಂಡು ಬರುತ್ತವೆ. ಅವಕ್ಕೆ ತೂಕ ಬೇಕು, ಅಂತರ ಬೇಕು. ಗಾಜೇ ಗಡಗಡ ನಡುಗುತ್ತಿದ್ದರೆ ಅದು ಹೊರಗಿನ ಸದ್ದಿಗೆ ಒಳಗಿನಿಂದ ಸೇರುವ ತಾಳ. ಗಾಜು ಹಿಡಿದಿರುವ ಹಳೇ ಪುಟ್ಟಿ ಒಣಗಿ ಉದುರಿರುತ್ತದೆ, ಇಲ್ಲವೇ ರಬ್ಬರ್ ಬೀಡಿಂಗ್ ಕುಗ್ಗಿರುತ್ತದೆ. ಅದನ್ನು ಬದಲಿಸಿದರೆ ಆ ನಡುಕ ನಿಲ್ಲುತ್ತದೆ.

ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಳ್ಳಬಹುದು. ಅದು ತೋರಿಸುವ ಅಂಕಿಯನ್ನೇ ನಂಬಿ ಕೂರಬೇಡಿ. ಕೆಲಸಕ್ಕೆ ಮೊದಲು, ಆಮೇಲೆ, ಅದೇ ಜಾಗದಲ್ಲಿ ಅದೇ ಹೊತ್ತಿಗೆ ಅಳೆದು, ವ್ಯತ್ಯಾಸ ಎಷ್ಟು ಅಂತ ಮಾತ್ರ ನೋಡಿ.

ಹೆಜ್ಜೆ 2: ಸಂದು ಮುಚ್ಚಿ

ಇಲ್ಲಿ ಅವಸರ ಬೇಡ. ಇಡೀ ಕೆಲಸದ ಜೀವ ಇರುವುದು ಇಲ್ಲೇ.

ಮೊದಲು ಚೌಕಟ್ಟು ಮತ್ತು ಗೋಡೆ ಸೇರುವ ಜಾಗ. ಕಣ್ಣಿಗೆ ಕಾಣುವ ಬಣ್ಣದ ಹಿಂದೆ ಎಷ್ಟೋ ಸಲ ಬರೀ ಗಾಳಿ ಇರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಬಿಡಿಸಿ ನೋಡಬೇಕು. ಸಣ್ಣ ಬಿರುಕಿಗೆ ಸಿಲಿಕೋನ್ ಅಥವಾ ಬಣ್ಣ ಹಚ್ಚಬಹುದಾದ ಅಕ್ರಿಲಿಕ್ ಸೀಲೆಂಟ್ ಸಾಕು. ಗಟ್ಟಿಯಾಗಿ ಒಡೆಯುವ ಪುಟ್ಟಿಗಿಂತ ಒಣಗಿದ ಮೇಲೂ ರಬ್ಬರಿನಂತೆ ಬಳುಕುವುದೇ ವಾಸಿ. ಸಂದು ಅಗಲವಾಗಿದ್ದರೆ ಒಳಗೆ ಫೋಮಿನ ಹಗ್ಗ ತುರುಕಿ ಅದರ ಮೇಲೆ ಸೀಲೆಂಟ್ ಎಳೆಯಿರಿ. ಡಬ್ಬಿಯಿಂದ ಉಕ್ಕಿ ಬರುವ ಫೋಮ್ ತುಂಬಿ ಸುಮ್ನೆ ಬಿಡುವವರಿದ್ದಾರೆ. ಅದು ಗಾಳಿ ತಡೆಯುತ್ತದೆ, ಆದರೆ ತೀರಾ ಹಗುರ. ಉಬ್ಬಿದ್ದನ್ನು ಒಳಕ್ಕೆ ಕತ್ತರಿಸಿ ಮೇಲೆ ಗಾರೆ ಅಥವಾ ಸೀಲೆಂಟ್ ಬರಲೇಬೇಕು.

ಆಮೇಲೆ ತೆರೆಯುವ ಕದ. ಇಲ್ಲಿ ಅಂಟಿಸುವ ಪಟ್ಟಿಗಳು ಹಲವು ಬಗೆ. ಅಗ್ಗದ ಸ್ಪಂಜಿನ ಪಟ್ಟಿ ಕೆಲವು ತಿಂಗಳು ಚೆನ್ನಾಗಿರುತ್ತದೆ, ಬರಬರುತ್ತಾ ಚಪ್ಪಟೆಯಾಗಿ ಮತ್ತೆ ಏಳುವುದೇ ಇಲ್ಲ. ಒಳಗೆ ಟೊಳ್ಳಿರುವ, ಒತ್ತಿದರೆ ತಗ್ಗಿ ಬಿಟ್ಟರೆ ಏಳುವ ರಬ್ಬರ್ ಪಟ್ಟಿ ತಗೊಳ್ಳಿ. ಸಂದಿನ ಅಳತೆ ಗೊತ್ತಾಗಬೇಕಾದರೆ ಮಕ್ಕಳ ಆಟದ ಜೇಡಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸಂದಿನಲ್ಲಿಟ್ಟು ಕದ ಹಾಕಿ ತೆಗೆಯಿರಿ. ಜೇಡಿ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ಸಂದು. ಅದಕ್ಕಿಂತ ಸ್ವಲ್ಪ ದಪ್ಪನೆಯ ಪಟ್ಟಿ ಬೇಕು. ತೀರಾ ದಪ್ಪ ಹಾಕಿದರೆ ಚಿಲಕವೇ ಕೂರುವುದಿಲ್ಲ, ಕೀಲು ಬಗ್ಗುತ್ತದೆ. ಅಂಟಿಸುವ ಮೊದಲು ಧೂಳು, ಎಣ್ಣೆ ಜಿಡ್ಡು ಒರೆಸಿ ಒಣಗಿಸಿ. ಮೂಲೆಯಲ್ಲಿ ಪಟ್ಟಿಯ ಎರಡು ತುದಿಗಳ ನಡುವೆ ಕೂದಲೆಳೆಯಷ್ಟೂ ಜಾಗ ಬಿಡಬೇಡಿ.

ಸ್ಲೈಡಿಂಗ್ ಕಿಟಕಿಯವರಿಗೆ ಒಂದು ಬೇಸರದ ಸುದ್ದಿ. ಜಾರಬೇಕಾದ ಕದ ಬಿಗಿಯಾಗಿ ಒತ್ತಿ ಕೂರಲು ಆಗುವುದಿಲ್ಲ. ಅಂಚಿನಲ್ಲಿ ಬ್ರಷ್ಷಿನಂಥ ಎಳೆಗಳಿರುತ್ತವೆ, ಅಷ್ಟೇ. ಅವು ಧೂಳಿಗೆ ಸರಿ, ಸದ್ದಿಗೆ ಅಷ್ಟಕ್ಕಷ್ಟೆ. ಸವೆದ ಬ್ರಷ್ ಎಳೆದು ತೆಗೆದು ಇನ್ನೂ ದಟ್ಟವಾದದ್ದನ್ನು ತೂರಿಸಿ. ನಡುವೆ ತೆಳು ಪ್ಲಾಸ್ಟಿಕ್ ರೆಕ್ಕೆ ಇರುವ ಬ್ರಷ್ ಸಿಕ್ಕರೆ ಅದೇ ಒಳ್ಳೆಯದು. ಕದ ಒಂದು ಕಡೆ ವಾಲಿದ್ದರೆ ಕೆಳಗಿನ ಗಾಲಿಯ ಸ್ಕ್ರೂ ತಿರುಗಿಸಿ ನೇರ ಮಾಡಿ. ಟ್ರ್ಯಾಕಿನ ತಳದಲ್ಲಿ ಹೊರಮುಖವಾಗಿ ಸಣ್ಣ ತೂತುಗಳಿರುತ್ತವೆ. ಅವು ಮಳೆನೀರು ಹೋಗಲು ಇರುವಂಥವು. ಸದ್ದು ಬರುತ್ತದೆ ಅಂತ ಅವನ್ನು ಮುಚ್ಚಿದಿರೋ, ಮುಂದಿನ ಮಳೆಗೆ ನೀರು ಮನೆಯೊಳಗೆ. ಹೊಸದಾಗಿ ಕಿಟಕಿ ಮಾಡಿಸುವವರು ರಸ್ತೆ ಕಡೆಗೆ ಸ್ಲೈಡಿಂಗ್ ಬೇಡ ಅನ್ನಿ. ಸುತ್ತಲೂ ರಬ್ಬರ್ ಇದ್ದು, ಹಿಡಿ ತಿರುಗಿಸಿದಾಗ ಎರಡು ಮೂರು ಕಡೆ ಲಾಕ್ ಆಗಿ ಒತ್ತಿ ಕೂರುವ ಕದವೇ ಇರಲಿ.

ಕಿಟಕಿಯ ಮೇಲೆ ಅಡ್ಡಗಾಜುಗಳ ವೆಂಟಿಲೇಟರ್ ಇದ್ದರೆ, ಎಕ್ಸಾಸ್ಟ್ ಫ್ಯಾನಿನ ತೂತಿದ್ದರೆ, ಎಸಿ ಪೈಪಿಗೆ ಕೊರೆದ ರಂಧ್ರ ಹಾಗೇ ಇದ್ದರೆ, ಕಿಟಕಿಗೆ ಏನು ಮಾಡಿದರೂ ಪ್ರಯೋಜನ ಇಲ್ಲ. ಅವನ್ನೂ ಲೆಕ್ಕಕ್ಕೆ ತಗೊಳ್ಳಿ.

ಹೆಜ್ಜೆ 3: ಗಾಜು ಬದಲಿಸಬೇಕಾ?

ಸಂದು ಮುಚ್ಚಿ ಒಂದೆರಡು ವಾರ ಇದ್ದು ನೋಡಿ. ಸಾಕು ಅನ್ನಿಸಿದರೆ ಇಲ್ಲಿಗೇ ನಿಲ್ಲಿಸಿ. ಇಲ್ಲವಾದರೆ ಮುಂದೆ ಗಾಜು.

ಬರೀ ದಪ್ಪ ಹೆಚ್ಚಿಸಿದರೆ ಸಿಗುವ ಲಾಭ ಎಣಿಸಿದಷ್ಟಿಲ್ಲ. ತೂಕ ಇಮ್ಮಡಿಯಾದರೆ ಐದಾರು ಡೆಸಿಬೆಲ್, ಅದೂ ಲೆಕ್ಕದಲ್ಲಿ. ಜೊತೆಗೆ ಪ್ರತಿ ಗಾಜಿಗೂ ಒಂದು ದೌರ್ಬಲ್ಯ ಇದೆ. ಒಂದು ನಿರ್ದಿಷ್ಟ ಸ್ವರದ ಸುತ್ತಮುತ್ತ ಅದು ಸದ್ದಿನ ಜೊತೆ ಸೇರಿ ತಾನೂ ಅದಿರುತ್ತದೆ. 4 ಮಿ.ಮೀ. ಗಾಜಿಗೆ ಅದು 3000 ಹರ್ಟ್ಸ್ (ಅಂದರೆ ಸೆಕೆಂಡಿಗೆ 3000 ಅದಿರಾಟ) ಆಸುಪಾಸು, 6 ಮಿ.ಮೀ.ಗೆ 2000ದ ಹತ್ತಿರ. ಎರಡೂ ನಮ್ಮ ಕಿವಿ ಚುರುಕಾಗಿರುವ ಜಾಗವೇ. ಲ್ಯಾಮಿನೇಟೆಡ್ ಗಾಜಿನಲ್ಲಿ ಎರಡು ಗಾಜಿನ ನಡುವೆ ಮೆತ್ತನೆಯ ಪ್ಲಾಸ್ಟಿಕ್ ಪದರ ಇರುತ್ತದೆ. ಅದು ಈ ಅದಿರಾಟವನ್ನು ನುಂಗಿಕೊಳ್ಳುತ್ತದೆ. ಒಂದೇ ದಪ್ಪದ ಸಾದಾ ಗಾಜು ಮತ್ತು ಲ್ಯಾಮಿನೇಟೆಡ್ ನಡುವೆ ಆಯ್ಕೆ ಬಂದರೆ ಎರಡನೆಯದೇ ಸರಿ. ಟಫನ್ಡ್ ಗಾಜು ಗಟ್ಟಿ ನಿಜ, ಆದರೆ ಸದ್ದಿನ ವಿಷಯದಲ್ಲಿ ಸಾದಾ ಗಾಜಿಗೂ ಅದಕ್ಕೂ ವ್ಯತ್ಯಾಸ ಇಲ್ಲ.

ಇನ್ನು ಎಲ್ಲರ ಬಾಯಲ್ಲಿರುವ ಡಬಲ್ ಗಾಜು. ಇದು ಮೂಲತಃ ಬಿಸಿ, ಚಳಿ ತಡೆಯಲು ಬಂದದ್ದು. 4 ಮಿ.ಮೀ.ನ ಎರಡು ಗಾಜು, ನಡುವೆ 12 ಮಿ.ಮೀ. ಗಾಳಿ. ನಡುವಿನ ಗಾಳಿ ಸ್ಪ್ರಿಂಗಿನಂತೆ ಕೆಲಸ ಮಾಡಿ ಎರಡೂ ಗಾಜು 240 ಹರ್ಟ್ಸ್ ಸುಮಾರಿಗೆ ಒಟ್ಟಿಗೆ ಕುಣಿಯುತ್ತವೆ. ಆ ಸ್ವರದಲ್ಲೂ ಅದಕ್ಕಿಂತ ಕೆಳಗೂ ಎರಡು ಗಾಜಿದ್ದ ಲಾಭ ಸಿಗುವುದಿಲ್ಲ. ದೊಡ್ಡ ಎಂಜಿನ್ನುಗಳ ಗುಡುಗುಡು ಇರುವುದು ಅದರ ಆಸುಪಾಸಿನಲ್ಲೇ, ಅದಕ್ಕಿಂತ ಕೆಳಗೇ. ಹಾಗಾಗಿ ರಸ್ತೆ ಸದ್ದಿಗೆ ಇದರಿಂದ ಬಹಳ ನಿರೀಕ್ಷೆ ಬೇಡ. ಹಾಕಿಸುವುದೇ ಆದರೆ ಎರಡು ಗಾಜಿನ ದಪ್ಪ ಬೇರೆ ಬೇರೆ ಇರಲಿ, ಒಂದು ಲ್ಯಾಮಿನೇಟೆಡ್ ಇರಲಿ. ಮಾರುವವರು ಡೆಸಿಬೆಲ್ ಅಂಕಿ ತೋರಿಸಿದರೆ ಅದು ಬರೀ ಗಾಜಿನದೋ, ಚೌಕಟ್ಟು ಸೇರಿದ್ದೋ ಅಂತ ಕೇಳಿ.

ಹೆಜ್ಜೆ 4: ಕಿಟಕಿಯ ಹಿಂದೆ ಇನ್ನೊಂದು ಕಿಟಕಿ

ಸದ್ದು ವಿಪರೀತ ಇರುವ ಮನೆಗೆ ನಾನು ಮೊದಲು ಹೇಳುವುದು ಇದನ್ನೇ. ಇರುವ ಕಿಟಕಿ ಹಾಗೇ ಇರಲಿ. ಗೋಡೆಯ ದಪ್ಪದೊಳಗೆ, ಕೋಣೆ ಕಡೆಗೆ, ಕನಿಷ್ಠ 100 ಮಿ.ಮೀ. ಅಂತರ ಬಿಟ್ಟು ಇನ್ನೊಂದು ಗಾಜಿನ ಕಿಟಕಿ ಕೂರಿಸುವುದು. ಎರಡು ಗಾಜು 4 ಮಿ.ಮೀ. ದಪ್ಪದವೇ ಆದರೂ ನಡುವೆ 100 ಮಿ.ಮೀ. ಗಾಳಿ ಇದ್ದರೆ ಒಟ್ಟಿಗೆ ಕುಣಿಯುವ ಸ್ವರ 240ರಿಂದ 85 ಹರ್ಟ್ಸ್ ಸುಮಾರಿಗೆ ಇಳಿಯುತ್ತದೆ. ಎಂಜಿನ್ ಸದ್ದಿನ ಬಹುಪಾಲು ಅದರ ಮೇಲೆ ಉಳಿಯುವುದರಿಂದ ತಡೆ ಚೆನ್ನಾಗಿ ಸಿಗುತ್ತದೆ. ಒಳಗಿನ ಗಾಜು ಹೊರಗಿನದಕ್ಕಿಂತ ದಪ್ಪ ಇದ್ದರೆ ಇನ್ನೂ ಚೆನ್ನ.

ಎರಡು ಕಿಟಕಿ ನಡುವಿನ ಅಂಚುಗಳಿಗೆ ಸದ್ದು ಹೀರುವ ಫೋಮ್ ಅಥವಾ ದಪ್ಪ ಫೆಲ್ಟ್ ಅಂಟಿಸಿ. ಒಳಗಿನ ಕಿಟಕಿಯನ್ನು ಹೊರಗಿನದಕ್ಕಿಂತ ಬಿಗಿಯಾಗಿ ಸೀಲ್ ಮಾಡಿ. ಇಲ್ಲದಿದ್ದರೆ ಕೋಣೆಯ ತೇವ ನಡುವೆ ಸೇರಿ ಚಳಿಗಾಲದಲ್ಲಿ ಗಾಜಿಗೆ ಹನಿ ಕಟ್ಟುತ್ತದೆ. ಒರೆಸಲು, ಬೆಂಕಿ ಬಿದ್ದರೆ ಹೊರಗೆ ಹೋಗಲು, ಎರಡೂ ಒಳಗಿನಿಂದ ಸುಲಭವಾಗಿ ತೆರೆಯುವಂತಿರಬೇಕು. ಇದರಲ್ಲಿ ರಾಜಿ ಬೇಡ.

ಗಾಜಿನ ಬದಲು ಆಯಸ್ಕಾಂತದ ಪಟ್ಟಿಯಲ್ಲಿ ಅಂಟುವ ಅಕ್ರಿಲಿಕ್ ಹಾಳೆಯೂ ಆಗುತ್ತದೆ. ಬಾಡಿಗೆ ಮನೆಯವರಿಗೆ ಅನುಕೂಲ. ಆದರೆ ಅಕ್ರಿಲಿಕ್ ಅಷ್ಟೇ ದಪ್ಪದ ಗಾಜಿನ ಅರ್ಧ ತೂಕವೂ ಇಲ್ಲ, ಸ್ವಲ್ಪ ದಪ್ಪನೆಯದೇ ಬೇಕು. ರಾತ್ರಿ ಮಾತ್ರ ಸದ್ದು ಕಾಡುವುದಾದರೆ 18 ಮಿ.ಮೀ. ಪ್ಲೈವುಡ್ ಹಲಗೆಯನ್ನು ಕಿಟಕಿಯ ಗೂಡಿನ ಅಳತೆಗೆ ಕತ್ತರಿಸಿ, ಸುತ್ತ ರಬ್ಬರ್ ಪಟ್ಟಿ ಅಂಟಿಸಿ, ಎರಡು ಹಿಡಿ ಹಾಕಿ ಮಲಗುವಾಗ ಒತ್ತಿಡಬಹುದು. ಹಲಗೆ 4 ಮಿ.ಮೀ. ಗಾಜಿನಷ್ಟೇ ತೂಗುತ್ತದೆ, ಕತ್ತಲೆಯೂ ಸಿಗುತ್ತದೆ. ಹೊರಹೋಗಲು ಬೇರೆ ದಾರಿ ಇಲ್ಲದ ಕೋಣೆಗೆ ಮಾತ್ರ ಇದು ಬೇಡ.

ಕರ್ಟನ್, ಮೊಟ್ಟೆ ಟ್ರೇ, ಗಿಡ

ದಪ್ಪ ಕರ್ಟನ್ ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆ ಮಾಡುತ್ತದೆ. ಕಿವಿಗೆ ಹಿತ ಅನ್ನಿಸುತ್ತದೆ, ಆದರೆ ಹೊರಗಿನ ಸದ್ದನ್ನು ಅದು ತಡೆಯುವುದು ಅತ್ಯಲ್ಪ. ಮೊಟ್ಟೆ ಟ್ರೇ, ಗುಳ್ಳೆ ಪ್ಲಾಸ್ಟಿಕ್ ಅಂಟಿಸಿದರೆ ಕಿಟಕಿ ಕೆಡುವುದೊಂದೇ ಲಾಭ. ಕಿಟಕಿ ಮುಂದಿನ ಕುಂಡಗಳು ರಸ್ತೆ ಕಾಣದಂತೆ ಮಾಡಿ ಮನಸ್ಸಿಗೆ ನೆಮ್ಮದಿ ಕೊಡಬಹುದು, ಸದ್ದಿಗೆ ಅವು ಲೆಕ್ಕಕ್ಕಿಲ್ಲ.

ಗಾಳಿ ಎಲ್ಲಿಂದ?

ಸಂದು ಮುಚ್ಚಿದಾಗ ಗಾಳಿಯೂ ನಿಲ್ಲುತ್ತದೆ ಅಲ್ವಾ? ಕೋಣೆಯಲ್ಲಿ ಗ್ಯಾಸ್ ಗೀಸರ್, ಒಲೆ, ಹೀಟರ್ ಥರ ಉರಿಯುವಂಥದ್ದು ಏನಿದ್ದರೂ ಗಾಳಿ ಬರುವ ದಾರಿ ಮುಚ್ಚಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಮಲಗುವ ಕೋಣೆಗೆ ರಸ್ತೆಯ ಕಡೆಗಲ್ಲದೆ ಹಿಂದಿನ ಅಥವಾ ಪಕ್ಕದ ಗೋಡೆಯಿಂದ ಗಾಳಿ ತಗೊಳ್ಳಿ. ಅದಾಗದಿದ್ದರೆ ಸದ್ದು ತಡೆಯುವ ವೆಂಟ್‌ಗಳು ಸಿಗುತ್ತವೆ. ಒಳಗೆ ಫೋಮ್ ಮೆತ್ತಿದ, ಒಂದೆರಡು ತಿರುವು ಇರುವ ಪೆಟ್ಟಿಗೆ ಅದು. ಗಾಳಿ ತಿರುವು ಸುತ್ತಿಕೊಂಡು ಒಳಗೆ ಬರುತ್ತದೆ, ಸದ್ದು ಪ್ರತಿ ತಿರುವಿನಲ್ಲೂ ಫೋಮಿಗೆ ಬಡಿದು ಕ್ಷೀಣಿಸುತ್ತದೆ. ಇದನ್ನು ಕೂರಿಸುವಾಗಲೂ ಪೆಟ್ಟಿಗೆ ಮತ್ತು ಗೋಡೆಯ ನಡುವೆ ಸೀಲೆಂಟ್ ಎಳೆಯುವುದನ್ನು ಮರೆಯಬೇಡಿ.